ಹಳದಿ ವೈರಿನಿಂದ ಎಚ್‌ಡಿಎಂಐವರೆಗೆ

ಡಿಸ್ಕ್ ಪ್ಲೇಯರನ್ನು ಟಿ.ವಿ.ಗೆ ಜೋಡಿಸುವ ವೈರು ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಮನೆಗಳಲ್ಲಿ, ರಾಜ್ಯದ ಬೇರೆಡೆಯಂತೆಯೇ, ಬಹುಕಾಲ ಹಳದಿ, ಕೆಂಪು, ಬಿಳಿ ಪಿನ್ನಿನ ಎ.ವಿ. ವೈರೇ ಆಗಿತ್ತು. ಕೆಂಪು, ಬಿಳಿ ಧ್ವನಿಗೆ; ಚಿತ್ರಕ್ಕೆ ಹಳದಿಯೊಂದೇ. ಆಂಟೆನಾ ತೂತು ಮಾತ್ರ ಇದ್ದ ಹಳೆಯ ಟಿ.ವಿ.ಗೆ ನಡುವೆ ಆರ್‌ಎಫ್ ಮಾಡ್ಯುಲೇಟರ್ ಬೇಕಿತ್ತು.

ಹಳದಿ ವೈರಿನಲ್ಲಿ ಬೆಳಕು ಮತ್ತು ಬಣ್ಣದ ಸಂಕೇತಗಳು ಬೆರೆತೇ ಸಾಗುತ್ತವೆ. ಟಿ.ವಿ. ಅವನ್ನು ಪೂರ್ತಿ ಬೇರ್ಪಡಿಸಲಾರದೆ ಅಂಚುಗಳಲ್ಲಿ ಚುಕ್ಕೆಗಳು ಹರಿದಾಡುತ್ತವೆ. 1993ರಲ್ಲಿ ರೂಪುಗೊಂಡ ವಿ.ಸಿ.ಡಿ.ಗೆ ಅಷ್ಟೇ ಸಾಕಾಗಿತ್ತು. ಅದರ ಚಿತ್ರವೇ 352x288 ಬಿಂದುಗಳದು. 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿ.ವಿ.ಡಿ. ಭಾರತದ ಪಾಲ್ ಪದ್ಧತಿಯಲ್ಲಿ 720x576 ಬಿಂದುಗಳನ್ನು ಕೊಟ್ಟಿತು. ವೈರಿನ ಆಯ್ಕೆಗೆ ಅರ್ಥ ಬಂದದ್ದು ಆಗಲೇ.

ಎಸ್-ವಿಡಿಯೊ ಬೆಳಕು, ಬಣ್ಣಗಳನ್ನು ಬೇರೆಬೇರೆ ತಂತಿಗಳಲ್ಲಿ ಸಾಗಿಸಿತು. ಕಾಂಪೊನೆಂಟ್ ವೈರು ಚಿತ್ರವನ್ನೇ ಹಸಿರು, ನೀಲಿ, ಕೆಂಪು ಪಿನ್ನುಗಳಿಗೆ ಹಂಚಿತು. ಅನಲಾಗ್ ವೈರುಗಳಲ್ಲಿ ಇದೇ ಮೇಲು. ಆದರೆ ಧ್ವನಿಗೂ ಚಿತ್ರಕ್ಕೂ ಕೆಂಪೇ ಇದ್ದುದರಿಂದ ಅದಲುಬದಲಾಗುವುದು ಸುಲಭವಿತ್ತು.

2002ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್‌ಡಿಎಂಐ ಚಿತ್ರ, ಧ್ವನಿ ಎರಡನ್ನೂ ಒಂದೇ ವೈರಿನಲ್ಲಿ ಡಿಜಿಟಲ್ ಆಗಿ ಒಯ್ದಿತು. ಇಲ್ಲಿ ಸಂಕೇತ ಸರಿಯಾಗಿ ತಲುಪಿದರೆ ದುಬಾರಿ ವೈರು ಹೆಚ್ಚಿನ ಸೊಗಸು ತಾರದು. ಚಿನ್ನದ ಲೇಪದ ಮಾತು ಬಹುಪಾಲು ವ್ಯಾಪಾರದ್ದೇ. ವಿ.ಸಿ.ಡಿ. ನೋಡುವವರಿಗಂತೂ ಇಂದಿಗೂ ಹಳದಿ ವೈರೇ ಸಾಕು.