ಉದ್ರಿ, ಕಂತು ಮತ್ತು ಹಳೇ ಹಂಡೆ: ನಮ್ಮ ಗಡಿ ತಾಲ್ಲೂಕುಗಳ ಮನೆಸಾಮಾನಿನ ಇತಿಹಾಸ



ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ನಾವು ಕಲಿಸುತ್ತೇವೆ, ನೀವು ಕಲಿಯುತ್ತೀರಿ. ನಿಮ್ಮ ಅಡುಗೆಮನೆಗೂ ಒಂದು ಇತಿಹಾಸವಿದೆ. ಅಲ್ಲಿರುವ ಹಂಡೆ, ಕೊಡ, ಹೊಲಿಗೆ ಯಂತ್ರ, ಫ್ರಿಜ್ ಇವುಗಳಲ್ಲಿ ಯಾವುದು ರೋಖ ಕೊಟ್ಟು ತಂದದ್ದು, ಯಾವುದು ಉದ್ರಿ, ಯಾವುದು ಕಂತಿನದು, ಯಾವುದು ಇನ್ನೊಬ್ಬರು ಬಳಸಿ ಮಾರಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಮೊದಲು ಪದಗಳನ್ನೇ ನೋಡೋಣ. ನಮ್ಮ 'ಉದ್ರಿ' ಉರ್ದುವಿನ 'ಉಧಾರ್'ನ ನೆಂಟ. 'ಹಪ್ತಾ' ಫಾರಸಿಯಲ್ಲಿ ವಾರ ಎಂಬ ಅರ್ಥದ ಮಾತು. 'ಕಿಸ್ತು' ಅರಬ್ಬಿಯಿಂದ ಬಂದದ್ದು. ರೈತರು ಆ ಪದವನ್ನು ಕೇಳಿದ್ದು ಅಂಗಡಿಯಲ್ಲಿ ಅಲ್ಲ, ಸರ್ಕಾರದ ಭೂಕಂದಾಯದ ಲೆಕ್ಕದಲ್ಲಿ. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತ್ಯದಲ್ಲಿದ್ದವು, ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಆಡಳಿತದಲ್ಲಿ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಾಗಿತ್ತು. ಕೈಯಲ್ಲಿ ರೊಕ್ಕವಿಲ್ಲದ ರೈತ ಸಾವಕಾರನ ಕಟ್ಟೆ ಹತ್ತಿದ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಎದ್ದು ಸಾವಕಾರರ ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಮೊದಲು ಅನ್ವಯಿಸಿದ್ದು ಪುಣೆ, ಅಹ್ಮದನಗರ, ಸೊಲ್ಲಾಪುರ ಮತ್ತು ನಮ್ಮ ನೆರೆಯ ಸತಾರಾ ಜಿಲ್ಲೆಗಳಿಗೆ ಮಾತ್ರ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸಾಲದ ಡಿಕ್ರಿಯಾದರೂ ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಉಡುಪು, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಕುಶಲಕರ್ಮಿಯ ಉಪಕರಣ ಇವನ್ನು ಜಪ್ತಿ ಮಾಡುವಂತಿಲ್ಲ. ಈ ಕಲಮು ಇಂದಿಗೂ ಇದೆ. ಅಂದರೆ ನಿಮ್ಮ ಹಳೇ ಹಂಡೆಗೆ ಕಾನೂನಿನ ರಕ್ಷಣೆ ಇದೆ. ಕಂತಿನ ವಸ್ತುವಿನ ಮಾತು ಬೇರೆ. ಬಾಡಿಗೆ-ಖರೀದಿ ಕರಾರಿನಲ್ಲಿ ಕೊನೆಯ ಕಂತು ತುಂಬುವ ತನಕ ವಸ್ತು ನಿಮ್ಮದೇ ಅಲ್ಲ. ಮನೆಯಲ್ಲಿ ಇರುವುದು, ಬಳಸುವುದು ನಿಜ. ಒಡೆಯ ಮಾತ್ರ ಬೇರೆ.

ಈ ಪದ್ಧತಿಯನ್ನು ಜಗತ್ತಿಗೆ ಹಬ್ಬಿಸಿದ್ದು ಸಿಂಗರ್ ಹೊಲಿಗೆ ಯಂತ್ರ. ಅಮೆರಿಕದಲ್ಲಿ 1856ರಲ್ಲಿ ಆ ಕಂಪನಿ ಕಂತಿನ ಮಾರಾಟ ಆರಂಭಿಸಿತು. 20ನೆಯ ಶತಮಾನದ ಆರಂಭದ ಹೊತ್ತಿಗೆ ಭಾರತದ ದರ್ಜಿಗಳೂ ಹಾಗೆ ಕೊಳ್ಳುತ್ತಿದ್ದರು. ಇಲ್ಲಿ ಕಂತನ್ನು ನಾನು ದೂರುವುದಿಲ್ಲ. ಯಂತ್ರ ತಾನೇ ದುಡಿದು ತನ್ನ ಕಂತು ಕಟ್ಟಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳ ಮನೆ ನಡೆದದ್ದು ಅದರ ಮೇಲೆ.

ಹಳೇ ಸಾಮಾನಿನ ಕಡೆಗೆ ಬಂದರೆ, ಅದು ಬಹುಮಟ್ಟಿಗೆ ನಮ್ಮವರದೇ ಕಸುಬು. ಕಲಾಯಿಗಾರರು ಕಪ್ಪಾದ ತಾಮ್ರದ ಪಾತ್ರೆಗೆ ತವರ ಹಚ್ಚಿ ಹೊಸದು ಮಾಡಿದರು. ಪಿಂಜಾರ, ನದಾಫರು ಗಟ್ಟಿಯಾದ ಹಳೇ ಗಾದಿಯ ಅರಳೆಯನ್ನು ಮತ್ತೆ ಹಿಂಜಿ ತುಂಬಿಕೊಟ್ಟರು. ತಾಮ್ರ ಹಿತ್ತಾಳೆ ಎಷ್ಟು ಹಳತಾದರೂ ತೂಕಕ್ಕೆ ಬೆಲೆ. ಕಷ್ಟಕಾಲಕ್ಕೆ ಅದೇ ಬ್ಯಾಂಕು. ಸ್ಟೀಲು, ಪ್ಲಾಸ್ಟಿಕ್ ಬಂದ ಮೇಲೆ ಆ ಬೆಲೆ ಹೋಯಿತು. ಹೊಸತಾಗಿ ಕೊಂಡು ಮನೆಗೆ ತರುವಷ್ಟರಲ್ಲಿ ಫ್ರಿಜ್ಜಿನ ಬೆಲೆ ಇಳಿದಿರುತ್ತದೆ. ಹಾಗೆಂದು ಹಳೆಯದೆಲ್ಲ ಲಾಭವೂ ಅಲ್ಲ: ಹಳೇ ಫ್ರಿಜ್ ವಿದ್ಯುತ್ ಹೆಚ್ಚು ತಿನ್ನುತ್ತದೆ, ಕೆಟ್ಟರೆ ಕೇಳುವವರಿಲ್ಲ.

ನಮ್ಮ ಭಾಗದಲ್ಲಿ ಉದ್ರಿ ಬೇರುಬಿಡಲು ಕಾರಣ ಇಲ್ಲಿಯ ಬೆಳೆಗಳೇ. ನಿಪ್ಪಾಣಿಯ ತಂಬಾಕು, 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಉಗಾರದ ಸುತ್ತಣ ಕಬ್ಬು ಎರಡೂ ವರ್ಷಕ್ಕೊಮ್ಮೆ ರೊಕ್ಕ ಕಾಣಿಸುವ ಬೆಳೆಗಳು. ಉಳಿದ ತಿಂಗಳು "ಬಿಲ್ ಆದ ಮ್ಯಾಗ ಕೊಡ್ತೀನಿ" ಎಂಬ ಮಾತಿನ ಮೇಲೆ ಸಂಸಾರ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ತಡೆದು ಕುಳಿತದ್ದು, ಏಪ್ರಿಲ್ 6ರಂದು ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡದ್ದು ನ್ಯಾಯವಾದ ಬೆಲೆಗಾಗಿ. ಅಂಗಡಿಯ ಉದ್ರಿ ಪುಸ್ತಕಕ್ಕೂ ಆ ಹೋರಾಟಕ್ಕೂ ಸಂಬಂಧವಿಲ್ಲ ಎನ್ನಲಾಗದು.

ಈಗ ನಮ್ಮ ಮದುವೆಗಳ ಮಾತು. ಜಹೇಜಿಗೆ ತಿಜೋರಿ, ಫ್ರಿಜ್, ವಾಷಿಂಗ್ ಮಷಿನ್ ಹೊಸದೇ ಬೇಕು; ಹಳೆಯದು ಕೊಟ್ಟರೆ ಮಾನ ಹೋಗುತ್ತದೆ. ರೋಖ ಇಲ್ಲದ ತಂದೆ "ಶೂನ್ಯ ಬಡ್ಡಿ" ಬೋರ್ಡಿನ ಅಂಗಡಿಗೆ ಹೋಗುತ್ತಾನೆ. ಲೆಕ್ಕ ಮಾಡಿ. ರೋಖ ಕೊಟ್ಟರೆ 18,000ಕ್ಕೆ ಸಿಗುವ ಫ್ರಿಜ್ಜು ಕಂತಿಗೆ 20,000 ಎನ್ನೋಣ. 10 ತಿಂಗಳು 2,000ದಂತೆ, ಮೊದಲೇ 500 ಶುಲ್ಕ. ಬಿಡಿಸಿ ನೋಡಿದರೆ ತಿಂಗಳಿಗೆ ನೂರಕ್ಕೆ ಎರಡೂವರೆ, ವರ್ಷಕ್ಕೆ 30 ರೂಪಾಯಿ ಬಡ್ಡಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿ ಬ್ಯಾಂಕುಗಳಿಗೆ ಬರೆದು ತಿಳಿಸಿತು. ಗಣಿತದ ಮಕ್ಕಳು ಇದನ್ನು ಮನೆಯವರಿಗೆ ಬಿಡಿಸಿ ತೋರಿಸಬಾರದೇಕೆ?

ನಮ್ಮ ದೀನ್ ಉದ್ರಿ ವ್ಯಾಪಾರವನ್ನು ನಿಷೇಧಿಸಿಲ್ಲ. ಪ್ರವಾದಿ (ಸ)ರು ಕಬ್ಬಿಣದ ಕವಚ ಅಡವಿಟ್ಟು ಯಹೂದಿಯೊಬ್ಬನಿಂದ ಧಾನ್ಯ ಉದ್ರಿ ಕೊಂಡದ್ದು ಸಹೀಹ್ ಬುಖಾರಿಯಲ್ಲಿದೆ. ಸೂರಃ ಬಕರದ 282ನೆಯ ಆಯತ್, ಕುರ್‌ಆನಿನ ಅತಿ ಉದ್ದದ ಆಯತ್, ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. 1990ರಲ್ಲಿ ಜಿದ್ದಾದಲ್ಲಿ ಸೇರಿದ ಇಸ್ಲಾಮಿ ಫಿಖ್ಹ್ ಅಕಾಡೆಮಿ ಕಂತಿನ ಬೆಲೆ ರೋಖಿನ ಬೆಲೆಗಿಂತ ಹೆಚ್ಚಿರಬಹುದು ಎಂದಿತು; ಕರಾರಿನಲ್ಲಿ ಒಂದೇ ಬೆಲೆ ನಿಶ್ಚಯವಾಗಿರಬೇಕು, ತಡವಾದರೆ ದಂಡ ಹೇರಿದರೆ ಅದು ರಿಬಾ. ಕಂತಿನ ಕಾಗದಕ್ಕೆ ಸಹಿ ಹಾಕುವಾಗ ತಡದ ದಂಡದ ಸಾಲನ್ನು ನಮ್ಮಲ್ಲಿ ಎಷ್ಟು ಜನ ಓದುತ್ತಾರೆ?

ಕಾನೂನೂ ಆಗಾಗ ಬಡವನ ಬಾಗಿಲಿಗೆ ಬಂದಿದೆ. 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆಯಲ್ಲಿ ಸಣ್ಣ ರೈತರು, ಭೂಹೀನ ಕೂಲಿಗಳು, ದುರ್ಬಲ ವರ್ಗದವರ ಸಾಲ ರದ್ದಾಗಿ ಅಡವಿಟ್ಟ ವಸ್ತುಗಳನ್ನು ಮರಳಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಅಟ್ಟದ ಮೇಲಿನ ಹಳೇ ತಾಮ್ರದ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ. ಅಂಚಿನಲ್ಲಿ ಹೆಸರು ಕೊರೆದಿರಬಹುದು, ಉರ್ದುವಿನಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ. ಹೆಸರು ನಿಮ್ಮ ಮನೆತನದ್ದಲ್ಲದಿದ್ದರೆ, ಅಥವಾ ಒಂದೇ ಪಾತ್ರೆಯ ಮೇಲೆ ಎರಡು ಹೆಸರಿದ್ದರೆ, ಅದು ನಿಮ್ಮಲ್ಲಿಗೆ ಹೇಗೆ ಬಂತೆಂದು ದಾದಿಯವರನ್ನು ಕೇಳಿ ಬರೆದುಕೊಳ್ಳಿ. ಹೇಳುವವರು ಇರುವಾಗಲೇ ಕೇಳಿ.