ಕೇಸರಿ: ಬೀಜವಿಲ್ಲದ ಗಿಡದ ಚರಿತ್ರೆ

ಕೇಸರಿ ಗಿಡ ಹೂ ಬಿಡುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಈ ಸಣ್ಣ ಸಂಗತಿಯಲ್ಲಿ ಒಂದು ದೊಡ್ಡ ಚರಿತ್ರೆಯೇ ಅಡಗಿದೆ. ಬೀಜವಿಲ್ಲದ ಗಿಡ ಗಾಳಿಯಲ್ಲಿ ಹಾರಿಯೋ ಹಕ್ಕಿಯ ಹೊಟ್ಟೆಯಲ್ಲಿ ಸಾಗಿಯೋ ಬೇರೊಂದು ನಾಡನ್ನು ಸೇರಲಾರದು. ಇಂದು ಅದು ಸ್ಪೇನ್, ಇರಾನ್, ಕಾಶ್ಮೀರಗಳಲ್ಲಿ ಬೆಳೆಯುತ್ತಿದೆ ಎಂದರೆ, ಆ ಒಂದೊಂದು ನಾಡಿಗೂ ಅದರ ಗೆಡ್ಡೆಯನ್ನು ಮನುಷ್ಯನೇ ಹೊತ್ತು ತಂದು ನೆಟ್ಟಿದ್ದಾನೆ ಎಂದರ್ಥ.

ಇದಕ್ಕೆ ಕಾರಣ ಜೀವಕೋಶದೊಳಗಿದೆ. ಕ್ರೋಕಸ್ ಸಟೈವಸ್ ಎಂಬ ಈ ಗಿಡದಲ್ಲಿ 24 ವರ್ಣತಂತುಗಳಿವೆ. ಎಂಟೆಂಟರ ಮೂರು ಗುಂಪು. ಸಂತಾನಕ್ಕೆ ಬೇಕಾದ ಕೋಶಗಳು ಹುಟ್ಟುವಾಗ ವರ್ಣತಂತುಗಳು ಜೋಡಿಯಾಗಿ ನಿಂತು ಸಮನಾಗಿ ಬೇರ್ಪಡಬೇಕು. ಮೂರನ್ನು ಸರಿಪಾಲು ಮಾಡುವುದು ಹೇಗೆ? ನಾವು ತಿನ್ನುವ ಬಾಳೆಯ ಹಲವು ತಳಿಗಳಲ್ಲಿ ಬೀಜವಿಲ್ಲದಿರುವುದಕ್ಕೂ ಇಂಥದೇ ಕಾರಣವಿದೆ. ಕೇಸರಿಯ ಗೆಡ್ಡೆ ಪ್ರತಿವರ್ಷ ಬತ್ತಿಹೋಗುವ ಮೊದಲು ಮರಿಗೆಡ್ಡೆಗಳನ್ನು ಕೊಡುತ್ತದೆ. ಅದೇ ಅದರ ವಂಶ.

ಹಾಗಾದರೆ ಮೊದಲ ಗಿಡ ಎಲ್ಲಿಯದು? 2019ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನಗಳು ಗ್ರೀಸಿನ ಅಥೆನ್ಸ್ ಸುತ್ತಲಿನ ಪ್ರದೇಶದತ್ತ ಬೊಟ್ಟು ಮಾಡಿದವು. ಅಲ್ಲಿನ ಕ್ರೋಕಸ್ ಕಾರ್ಟ್‌ರೈಟಿಯಾನಸ್ ಎಂಬ ಕಾಡುಗಿಡವೇ ಕೇಸರಿಯ ತಾಯಿ. ಚಿತ್ರಕಲೆಯ ಸಾಕ್ಷ್ಯವೂ ಅದೇ ಕಡಲಿನದು. ಥೇರಾ ದ್ವೀಪದ ಅಕ್ರೋತಿರಿ ಪಟ್ಟಣ ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. 1967ರಲ್ಲಿ ಆರಂಭವಾದ ಉತ್ಖನನದಲ್ಲಿ ಅಲ್ಲಿನ ಗೋಡೆಗಳ ಮೇಲೆ ಕೇಸರಿ ಹೂ ಬಿಡಿಸುತ್ತಿರುವ ಹುಡುಗಿಯರ ಚಿತ್ರಗಳು ದೊರೆತವು. ಅವರು ಬಿಡಿಸುತ್ತಿರುವುದು ಕಾಡು ಹೂವೋ ನೆಟ್ಟು ಬೆಳೆಸಿದ್ದೋ, ಚಿತ್ರದಿಂದ ತಿಳಿಯದು.

ನಮ್ಮ ದೇಶದಲ್ಲಿ ಹೆಸರುಗಳೇ ಸಾಕ್ಷಿ. ಅಮರಕೋಶವು ಕುಂಕುಮಕ್ಕೆ ಕೊಡುವ ಪರ್ಯಾಯಪದಗಳಲ್ಲಿ ‘ಕಾಶ್ಮೀರಜನ್ಮ’ ಒಂದು, ‘ಬಾಹ್ಲೀಕ’ ಇನ್ನೊಂದು. ಬಾಹ್ಲೀಕವೆಂದರೆ ಇಂದಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆ. ಸಂಸ್ಕೃತದ ‘ಕುಂಕುಮ’ ಎಂದರೆ ಕೇಸರಿಯೇ. ಅರಿಸಿನದಿಂದ ಮಾಡುವ, ಹಣೆಗಿಡುವ ಪುಡಿಗೂ ನಾವು ಅದೇ ಹೆಸರನ್ನು ಬಳಸುತ್ತೇವೆ. 12ನೆಯ ಶತಮಾನದ ಕಲ್ಹಣ ತನ್ನ ನಾಡಿನ ಹೆಮ್ಮೆಯ ವಸ್ತುಗಳಲ್ಲಿ ಕುಂಕುಮವನ್ನೂ ಎಣಿಸಿದ್ದಾನೆ. ಅಕ್ಬರನ ಕಾಲದ ಅಬುಲ್ ಫಜಲ್ ಪಾಂಪೋರಿನ ಕೇಸರಿ ಹೊಲಗಳನ್ನು ವರ್ಣಿಸಿದ್ದಾನೆ.

ಹೂವಿನಲ್ಲಿ ಬೆಲೆಯುಳ್ಳದ್ದು ಮೂರೇ ಮೂರು ಕೆಂಪು ಎಳೆಗಳು, ಅಂದರೆ ಶಲಾಕಾಗ್ರಗಳು. (ಸಸ್ಯಶಾಸ್ತ್ರದ ಪಾಠದಲ್ಲಿ ‘ಕೇಸರ’ವೆಂದರೆ ಹೂವಿನ ಗಂಡುಭಾಗ; ಅಂಗಡಿಯ ಕೇಸರಿ ಮಾತ್ರ ಹೆಣ್ಣುಭಾಗ!) ಒಂದು ಕಿಲೋ ಒಣ ಕೇಸರಿಗೆ ಸುಮಾರು 1,50,000 ಹೂ ಬೇಕು. ಇಷ್ಟು ದುಬಾರಿ ವಸ್ತುವಿಗೆ ಕಲಬೆರಕೆ ತಪ್ಪಿದ್ದಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1444ರಲ್ಲಿ ಕಲಬೆರಕೆ ಮಾಡಿದ ವ್ಯಾಪಾರಿಯೊಬ್ಬನನ್ನು ಅವನ ಸರಕಿನೊಂದಿಗೇ ಸುಟ್ಟರು. ಇಂಗ್ಲೆಂಡಿನ ಒಂದು ಊರಿಗಂತೂ ಈ ಬೆಳೆಯಿಂದಲೇ ಸ್ಯಾಫ್ರನ್ ವಾಲ್ಡನ್ ಎಂಬ ಹೆಸರು ಬಂತು. 18ನೆಯ ಶತಮಾನದ ಹೊತ್ತಿಗೆ ಅಲ್ಲಿನ ರೈತರು ಕೇಸರಿಯನ್ನು ಕೈಬಿಟ್ಟರು. ಬೆಳೆ ಹೋಯಿತು, ಹೆಸರು ಉಳಿಯಿತು.

ಈಗ ರಸಾಯನಶಾಸ್ತ್ರಕ್ಕೆ ಬರೋಣ. ಬಣ್ಣ ಕೊಡುವುದು ಕ್ರೋಸಿನ್. ಇದು ಕ್ಯಾರೆಟ್ಟಿನ ಬಣ್ಣಕ್ಕೆ ಬಂಧು. ಆದರೆ ಕ್ಯಾರೆಟ್ಟಿನದು ಎಣ್ಣೆಯಲ್ಲಿ ಕರಗಿದರೆ, ಸಕ್ಕರೆಯ ಅಣುಗಳನ್ನು ಅಂಟಿಸಿಕೊಂಡಿರುವ ಕ್ರೋಸಿನ್ ನೀರಿನಲ್ಲಿ ಕರಗುತ್ತದೆ. ಕಹಿ ರುಚಿ ಪಿಕ್ರೊಕ್ರೋಸಿನ್‌ನದು. ಎಳೆಗಳನ್ನು ಒಣಗಿಸುವಾಗ ಅದು ಒಡೆದು ಸಫ್ರನಾಲ್ ಆಗುತ್ತದೆ. ಪರಿಮಳ ಬರುವುದು ಅದರಿಂದ. ಹಾಗಾಗಿ ಒಣಗಿಸುವುದೂ ಒಂದು ವಿದ್ಯೆ. ತಣ್ಣೀರಿಗೆ ಹಾಕಿದಾಗ ನಿಜವಾದ ಕೇಸರಿ ನಿಧಾನವಾಗಿ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಇರುತ್ತದೆ. ನಮ್ಮ ಹೋಟೆಲುಗಳ ಕೇಸರಿಬಾತಿಗೆ ಈ ಪರೀಕ್ಷೆ ಬೇಡ. ಅಲ್ಲಿ ಸಾಮಾನ್ಯವಾಗಿ ಇರುವುದು ಕೃತಕ ಬಣ್ಣ.

ಆಯುರ್ವೇದದ ಕುಂಕುಮಾದಿ ತೈಲ ಪ್ರಸಿದ್ಧ. ಖಿನ್ನತೆಗೆ ಕೇಸರಿ ಉಪಯುಕ್ತವೇ ಎಂದು 2004ರಿಂದೀಚೆಗೆ ಇರಾನಿನ ವೈದ್ಯರು ದಿನಕ್ಕೆ 30 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದ್ದಾರೆ. ಸೌಮ್ಯ ಸ್ವರೂಪದ ಖಿನ್ನತೆಯಲ್ಲಿ ಫಲಿತಾಂಶ ಆಶಾದಾಯಕ, ಆದರೆ ಬಹುಪಾಲು ಪರೀಕ್ಷೆಗಳು ಚಿಕ್ಕವು. ವೈದ್ಯರ ಔಷಧಿ ಬಿಟ್ಟು ಕೇಸರಿಹಾಲು ಕುಡಿಯುವುದು ತರವಲ್ಲ. ಹಲವು ಗ್ರಾಂ ಒಮ್ಮೆಗೇ ಸೇವಿಸಿದರೆ ಅದು ವಿಷವೇ ಆದೀತು. ನೋಟಕ್ಕೆ ಕೇಸರಿಯಂತೆಯೇ ಇರುವ ಕಾಲ್ಚಿಕಮ್ ಹೂವಂತೂ ಮಾರಕ.

ಪಾಂಪೋರಿನಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಮುಂಜಾನೆಯೇ ಹೂ ಬಿಡಿಸುತ್ತಾರೆ. 1990ರ ದಶಕದ ಮಧ್ಯದಲ್ಲಿ ಕಾಶ್ಮೀರದಲ್ಲಿ ಸುಮಾರು 5,700 ಹೆಕ್ಟೇರಿನಲ್ಲಿದ್ದ ಈ ಬೆಳೆ ಎರಡು ದಶಕಗಳಲ್ಲಿ ಸುಮಾರು 3,700ಕ್ಕೆ ಇಳಿಯಿತು. ಸಕಾಲದಲ್ಲಿ ಬಾರದ ಮಳೆ, ಗೆಡ್ಡೆ ಕೊಳೆಯುವ ರೋಗ, ಹೊಲಗಳಲ್ಲೇ ಎದ್ದ ಮನೆಗಳು ಇದಕ್ಕೆ ಕಾರಣ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೇಸರಿ ಅಭಿಯಾನ ಆರಂಭಿಸಿತು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ರೋಗ ತಡೆಯುವ ಹೊಸ ತಳಿ ಬೇಕೆಂದರೆ ಭತ್ತ, ಗೋಧಿಯಂತೆ ಎರಡು ತಳಿಗಳನ್ನು ಕೂಡಿಸಿ ಬೀಜ ಪಡೆಯುವ ದಾರಿ ಇಲ್ಲಿಲ್ಲ. ಇರುವ ಗೆಡ್ಡೆಗಳಲ್ಲೇ ಒಳ್ಳೆಯದನ್ನು ಆರಿಸಬೇಕು, ಬೇಸಿಗೆ ಕಳೆದ ಮೇಲೆ ಮತ್ತೆ ಮಣ್ಣಿಗೆ ನೆಡಬೇಕು.