ಗಡಿಸೀಮೆಯ ಮುಂದಾಳು ಗಂಗಾಧರರಾವ್ ದೇಶಪಾಂಡೆ

ಗಂಗಾಧರರಾವ್ ದೇಶಪಾಂಡೆ 1871ರಲ್ಲಿ ಬೆಳಗಾವಿ ಜಿಲ್ಲೆಯ ಹುದಲಿಯ ವತನದಾರ ಮನೆತನದಲ್ಲಿ ಹುಟ್ಟಿದರು. ಬೆಳಗಾವಿ ಆಗ ಮುಂಬೈ ಇಲಾಖೆಯ ದಕ್ಷಿಣ ಭಾಗದ ಜಿಲ್ಲೆ. ಹುದಲಿಯ ಸುತ್ತ ಕನ್ನಡ, ದೇಸೂರ–ಖಾನಾಪುರದ ಕಡೆ ಕನ್ನಡವೂ ಮರಾಠಿಯೂ ಬೆರೆತ ಸೀಮೆ. ಆದರೆ ಓದಿದವರ ರಾಜಕಾರಣ ಮುಖ ಮಾಡಿದ್ದು ಪುಣೆಯತ್ತ. ಗಂಗಾಧರರಾಯರೂ ಅದೇ ದಾರಿಯಲ್ಲಿ ಟಿಳಕರ ಅನುಯಾಯಿಯಾದರು. ಬೆಳಗಾವಿಯಲ್ಲಿ ಅವರು ಕಟ್ಟಿಕೊಟ್ಟ ನೆಲೆ ಎಷ್ಟು ಗಟ್ಟಿಯಾಗಿತ್ತೆಂದರೆ, 1916ರ ಏಪ್ರಿಲ್‌ನಲ್ಲಿ ಟಿಳಕರ ಹೋಮ್‌ರೂಲ್ ಲೀಗ್ ಹುಟ್ಟಿದ್ದೇ ಇಲ್ಲಿ.

ಭಾಷಾವಾರು ಪ್ರಾಂತಗಳನ್ನು 1920ರ ನಾಗಪುರ ಕಾಂಗ್ರೆಸ್ ಒಪ್ಪಿದಾಗ ಕರ್ನಾಟಕಕ್ಕೆ ತನ್ನದೇ ಪ್ರಾಂತ ಸಮಿತಿ ಸಿಕ್ಕಿತು. ಅದರ ಮೊದಲ ಅಧ್ಯಕ್ಷರಾದವರು ಪುಣೆಯ ಗರಡಿಯಲ್ಲಿ ಪಳಗಿದ ಇದೇ ಗಂಗಾಧರರಾವ್. ಸೋಜಿಗವೇನಲ್ಲ, ಕನ್ನಡ, ಮರಾಠಿ ಎರಡೂ ಕಡೆಯವರ ವಿಶ್ವಾಸ ಗಳಿಸಿದವರು ಗಡಿಯಲ್ಲೇ ಸಿಗಬೇಕಿತ್ತು.

ಅವರ ಜೀವನದ ದೊಡ್ಡ ಕೆಲಸ 1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಸ್ವಾಗತ ಸಮಿತಿಯ ಹೊಣೆ ಗಂಗಾಧರರಾಯರದು, ಸ್ವಯಂಸೇವಕರ ಪಡೆ ಡಾ. ನಾ. ಸು. ಹರ್ಡೀಕರರದು. ಟಿಳಕವಾಡಿಯ ಬಯಲಿನಲ್ಲಿ ಎದ್ದ ಬಿಡಾರಕ್ಕೆ ವಿಜಯನಗರವೆಂದು ಹೆಸರಿಟ್ಟು, ಹಂಪಿಯ ಗೋಪುರದ ಮಾದರಿಯ ಹೆಬ್ಬಾಗಿಲು ನಿಲ್ಲಿಸಿದರು. ನೀರಿಗಾಗಿ ತೋಡಿದ ಬಾವಿ ಪಂಪಾಸರೋವರವಾಯಿತು. ಹುಬ್ಬಳ್ಳಿ–ಧಾರವಾಡದ ಕಡೆಯಿಂದ ರೈಲು ಹತ್ತಿದವರು ಲೋಂಡಾ, ಖಾನಾಪುರ, ದೇಸೂರ ದಾಟಿ ಬಂದಿಳಿಯುತ್ತಿದ್ದುದು ಮರಾಠಿ ವಹಿವಾಟಿನ ಪೇಟೆಗೆ. ಒಳಹೊಕ್ಕದ್ದು ಕನ್ನಡ ಅರಸೊತ್ತಿಗೆಯ ಹೆಸರಿನ ನಗರಕ್ಕೆ. ಯಾವ ಭಾಷಣಕ್ಕಿಂತಲೂ ಆ ಹೆಬ್ಬಾಗಿಲು ಪ್ರಾಂತದ ಹಕ್ಕನ್ನು ಚೆನ್ನಾಗಿ ಸಾರಿತು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡು ಮೊಳಗಿದ್ದೂ ಅಲ್ಲೇ. ಕರ್ನಾಟಕ ಏಕೀಕರಣದ ಪರಿಷತ್ತು ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಅದೇ ಸಂದರ್ಭದಲ್ಲಿ ನೆರೆಯಿತು.

ಆಮೇಲಿನ ವರ್ಷಗಳಲ್ಲಿ ಅವರ ಗಮನ ಹುದಲಿಯ ನೂಲು, ಮಗ್ಗಗಳತ್ತ ತಿರುಗಿತು. ಜನ ಅವರನ್ನು ‘ಕರ್ನಾಟಕ ಸಿಂಹ’ ಎಂದಂತೆ ‘ಖಾದಿ ಭಗೀರಥ’ ಎಂದೂ ಕರೆದರು. 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲೇ ಸೇರಿದಾಗ ಗಾಂಧೀಜಿ ಬಂದು ಉಳಿದರು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ತಾಲ್ಲೂಕು ಮಾತ್ರ ಮುಂಬೈ ಕಡೆಗೇ ಉಳಿಯಿತು. ಗಂಗಾಧರರಾವ್ 1960ರ ಜುಲೈ 30ರಂದು ತೀರಿಕೊಂಡರು.